ವೋಟಿಲ್ಲದವರ ಪಡೆ

2023ರ ಪ್ರಾಂತೀಯ ಚುನಾವಣೆಯಲ್ಲಿ ನಾನು ಡಚ್ಚರ ನಾಡಿನ ಆಮರ್ಸ್‌ಫೋರ್ಟ್ ಊರಿನಲ್ಲಿ ಪಕ್ಷವೊಂದರ ಪ್ರಚಾರ ಸಂಯೋಜಕಿಯಾಗಿದ್ದೆ. ಪ್ರಾಂತ್ಯವೆಂದರೆ ನಮ್ಮ ಕಡೆಯ ರಾಜ್ಯವಿದ್ದಂತೆ. ಅದರ ಸಭೆಗೆ ನಿಂತವನು ಬಸವರಾಜ. ಬಾಗಲಕೋಟೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದು, ಡಚ್ ಸೈನ್ಯದ ಸೇತುವೆ ಕಟ್ಟುವ ತುಕಡಿಯಲ್ಲಿ ಸಾರ್ಜೆಂಟ್ ಆಗಿದ್ದವನು. ಸೈನ್ಯ ಬಿಟ್ಟ ಮೇಲೆ ಅವನ ತಲೆಗೆ ಹೊಕ್ಕ ಹುಚ್ಚು ಒಂದೇ: ಭಾನುವಾರವೂ ಹಳ್ಳಿಗಳಿಂದ ಆಸ್ಪತ್ರೆಗೆ ಬಸ್ಸು ಓಡಬೇಕು. ಅವನ ತಾಯಿ ಗೌರಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವರು. ಭಾನುವಾರದ ಪಾಳಿಗೆ ಎದುರುಗಾಳಿಯಲ್ಲಿ ಸೈಕಲ್ ತುಳಿದೇ ಹೋಗುತ್ತಿದ್ದರು.

ಪಕ್ಷದ ಪಟ್ಟಿಯಲ್ಲಿ ಅವನದು ಹದಿನಾಲ್ಕನೇ ಹೆಸರು. ಪಕ್ಷಕ್ಕೆ ಬಂದ ಸೀಟುಗಳು ಪಟ್ಟಿಯ ಮೇಲಿನ ಹೆಸರಿನಿಂದ ಸರದಿಯಂತೆ ಹಂಚಿಹೋಗುತ್ತವೆ; ನಮಗೆ ನಾಲ್ಕೈದು ಬಂದರೆ ಪುಣ್ಯ. ಆದರೆ ಇಲ್ಲೊಂದು ನಿಯಮವಿದೆ: ಕೆಳಗಿನವನ ಹೆಸರಿಗೇ ಸಾಕಷ್ಟು ಜನ ಗುರುತು ಹಾಕಿದರೆ ಅವನು ಮೇಲಿನವರನ್ನು ದಾಟಿ ಸಭೆಗೆ ಹೋಗುತ್ತಾನೆ. ಬಸವರಾಜನಿಗೆ ಉಳಿದಿದ್ದ ದಾರಿ ಅದೊಂದೇ.

ಗೌರಮ್ಮ ನನ್ನನ್ನು ಒಂದು ಮಾತೂ ಕೇಳದೆ ಕನ್ನಡಿಗರ ಸಭೆ ಕರೆದುಬಿಟ್ಟರು. ಬೆಂಗಳೂರು, ಮೈಸೂರಿನ ಐಟಿಯವರು, ಸಂಶೋಧನೆಗೆ ಬಂದವರು ಎಲ್ಲ ಸೇರಿ ಹಾಲ್ ಕಿಕ್ಕಿರಿಯಿತು. ಗಿರಮಿಟ್ಟು, ಶಿಳ್ಳೆ, “ಬಸಣ್ಣ ಗೆದ್ದಂಗೇ!” ಎಂಬ ಕೂಗು. ನನಗೋ ಒಂದು ಅನುಮಾನ. ಎದ್ದು ಕೇಳಿಯೇಬಿಟ್ಟೆ: “ಡಚ್ ಪಾಸ್‌ಪೋರ್ಟ್ ಇರೋರು ಕೈ ಎತ್ತಿ.”

ನಾಲ್ಕೇ ಕೈ ಎದ್ದವು. ಪ್ರಾಂತೀಯ ಚುನಾವಣೆಯಲ್ಲಿ ಡಚ್ ಪೌರರಿಗೆ ಮಾತ್ರ ಮತ. ಕೆಲಸ, ಓದಿನ ಪರ್ಮಿಟ್ ಮೇಲಿರುವವರಿಗೆ ಇಲ್ಲ.

“ಅಯ್ಯ ನಮ್ಮವ್ವ!” ಗೌರಮ್ಮ ಸೌಟು ಹಿಡಿದೇ ನಿಂತರು. “ಇಷ್ಟ್ ಮಂದಿಗೆ ಗಿರಮಿಟ್ ಹಾಕೇನಿ, ಯಾರಿಗೂ ವೋಟಿಲ್ಲೇನ?”

ಹಾಲ್ ಗೊಳ್ಳೆಂದು ನಕ್ಕಿತು. ಬಸವರಾಜನೂ ನಕ್ಕ. ಆಮೇಲೆ ಸಾರ್ಜೆಂಟನ ದನಿ ಬಂತು: “ವೋಟಿಲ್ಲಂದ್ರ ಏನಾತು, ಬಾಯಿ ಐತಲ್ಲ? ನಿಮ್ಮನಿ ಎಡಕ್ಕೊಂದ್ ಮನಿ, ಬಲಕ್ಕೊಂದ್ ಮನಿ. ಬೆಲ್ ಒತ್ತಿ ಬಸ್ಸಿನ ಮಾತ್ ಹೇಳ್ರಿ. ಮೂರನೇ ಮನಿಗೆ ಹೋಗಬ್ಯಾಡ್ರಿ.”

ಕಿರಣ್ ಎಂಬ ಎಂಜಿನಿಯರ್ ಹಿಂಜರಿದ. “ಸರ್, ಆರು ವರ್ಷದಲ್ಲಿ ಪಕ್ಕದ್ಮನೆ ಬೆಲ್ ಒಂದ್ಸಲಾನೂ ಒತ್ತಿಲ್ಲ. ಹೇಳ್ದೆ ಕೇಳ್ದೆ ಹೋದ್ರೆ ಬೈತಾರಂತೆ!”

“ಬೈದ್ರ ಬೈಸ್ಕೊಂಡ್ ಬಾರಪ್ಪಾ. ಗುಂಡ್ ಹೊಡಿಯಂಗಿಲ್ಲ.”

ಹೋದರು ನೋಡಿ! ಮಾರನೆಯ ದಿನದಿಂದ ನನ್ನ ಫೋನಿಗೆ ಬಿಡುವೇ ಇಲ್ಲ. ಕಿರಣ್‌ನ ಪಕ್ಕದ ಮನೆಯ ರೀಟ್ ಅಜ್ಜಿ ಅವನನ್ನು ಕೂರಿಸಿಕೊಂಡು ಕಾಫಿ ಕೊಟ್ಟರು, ಇಲ್ಲಿನ ರೂಢಿಯಂತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದರು, ಎರಡು ತಾಸು ಬಿಡಲಿಲ್ಲ. ಅವರ ಯಜಮಾನರು ಆಸ್ಪತ್ರೆಯಲ್ಲಿದ್ದರು; ಭಾನುವಾರ ನೋಡಿಬರಲು ಬಸ್ಸಿರಲಿಲ್ಲ. ಅಜ್ಜಿ ತಮ್ಮ ಹಾಡಿನ ತಂಡದವರಿಗೆಲ್ಲ ಫೋನ್ ಹಚ್ಚಿದರು.

ಫಲಿತಾಂಶ ಬಂದಾಗ ಹದಿನಾಲ್ಕನೆಯವನು ಮೇಲಿನವರನ್ನು ದಾಟಿ ಒಳಗೆ ಹೋಗಿದ್ದ. ನಾನು ಗೌರಮ್ಮನನ್ನು ತಬ್ಬಿಕೊಂಡು ಗಳಗಳನೆ ಅತ್ತುಬಿಟ್ಟೆ, ಖುಷಿಗೆ.

ಪ್ರಮಾಣವಚನದ ದಿನ ಗ್ಯಾಲರಿಯಲ್ಲಿ ರೀಟ್ ಅಜ್ಜಿ ನನ್ನ ಪಕ್ಕ ಕೂತಿದ್ದರು. ಗುರುತಿಲ್ಲದ ಬಸವರಾಜನಿಗೆ ಯಾಕೆ ಮತ ಹಾಕಿದಿರಿ ಎಂದು ಕೇಳಿದೆ. ಅಜ್ಜಿ ಕಿರಣ್‌ನತ್ತ ಬೆರಳು ತೋರಿಸಿದರು.

“ತಮಗೇ ಮತ ಕೇಳುವವರನ್ನು ಬೇಕಾದಷ್ಟು ನೋಡಿದ್ದೇನೆ,” ಎಂದರು. “ಈ ಹುಡುಗನಿಗೆ ಮತವೇ ಇಲ್ಲವಂತೆ. ಆದರೂ ನನ್ನ ಬಸ್ಸಿಗಾಗಿ ನಡುಗುತ್ತಾ ಬಾಗಿಲಲ್ಲಿ ನಿಂತಿದ್ದ. ಇಲ್ಲ ಅನ್ನುವುದು ಹೇಗಮ್ಮ?”

ಅಂದಿನಿಂದ ಯಾವ ಪ್ರಚಾರಕ್ಕೆ ಇಳಿದರೂ ನಾನು ಮೊದಲು ಹುಡುಕುವುದು ಮತವಿಲ್ಲದವರನ್ನೇ.