ಕೊನೆಯವನು ಬಾರದೆ ಬಹುಮಾನವಿಲ್ಲ

ಹೋದ ಶನಿವಾರ ಬೆಳಗ್ಗೆ ನಾನು ಒಂದು ಚರ್ಚಿನ ಹಿಂದೆ, ಸಾಲಾಗಿ ನಿಲ್ಲಿಸಿದ ಸ್ಕೂಟರುಗಳ ನಡುವೆ ಬಗ್ಗಿ ಕೂತಿದ್ದೆ. ಮೈಕಿನಲ್ಲಿ ನನ್ನನ್ನು ಹುಡುಕುತ್ತಿದ್ದರು.

ಕಳ್ಳತನ ಮಾಡಿರಲಿಲ್ಲ. ಓಡುತ್ತಿದ್ದೆ, ಅಷ್ಟೆ. (ಅದೂ ಬಹಳ ಹೊತ್ತಲ್ಲ.)

ನನ್ನ ಮಗಳು ಅನಘಾ ಓದುವುದು ಪುಣೆಯ ಒಂದು ಪುಟ್ಟ ಕ್ರಿಶ್ಚಿಯನ್ ಶಾಲೆಯಲ್ಲಿ. ಅದಕ್ಕೆ ಮೈದಾನವಿಲ್ಲ. ಪಕ್ಕದ ಚರ್ಚಿನ ಸುತ್ತ ಸುಣ್ಣದ ಗೆರೆ ಎಳೆದರೆ ಅದೇ ಟ್ರ್ಯಾಕ್. ಅವತ್ತು ಸ್ಪೋರ್ಟ್ಸ್ ಡೇ. ಕೊನೆಯ ಐಟಂ, ಅಪ್ಪಂದಿರ ಓಟ. ಚರ್ಚಿಗೆ ಒಂದೇ ಸುತ್ತು.

“ನೀವು ಓಡ್ತೀರೇನ್ರೀ?” ಎಂದಿದ್ದಳು ಹೆಂಡತಿ ಸುಜಾತಾ. ಆ ‘ನೀವು’ ಮೇಲೆ ಬಿದ್ದ ಒತ್ತು ನನಗೆ ಸೇರಲಿಲ್ಲ.

“ಧಾರವಾಡದಾಗ ನಾ ಹೆಂಗ ಓಡ್ತಿದ್ದೆ, ನಿನಗೇನ್ ಗೊತ್ತು?” ಎಂದೆ. (ಸಿಟಿ ಬಸ್ಸಿನ ಹಿಂದೆ ಓಡುತ್ತಿದ್ದೆ. ಅದನ್ನು ಬಿಡಿಸಿ ಹೇಳಲಿಲ್ಲ.) ಹೊಸ ಶೂ ತಂದೆ. ಎದೆಬಡಿತ ಎಣಿಸುವ ವಾಚು ಕಟ್ಟಿಕೊಂಡೆ.

ಸೀಟಿ ಊದಿದರು. ಮೊದಲ ತಿರುವಿನವರೆಗೆ ನಾನೇ ಮುಂದೆ! ಅಲ್ಲಿಂದ ಒಬ್ಬೊಬ್ಬರಾಗಿ ದಾಟತೊಡಗಿದರು. ಚರ್ಚಿನ ಹಿಂಬದಿಗೆ ಬರುವಷ್ಟರಲ್ಲಿ ನನ್ನ ಹಿಂದೆ ಯಾರೂ ಉಳಿದಿರಲಿಲ್ಲ. ವಾಚು ಕಿರುಚುತ್ತಿತ್ತು. ಅಲ್ಲಿ ಪ್ರೇಕ್ಷಕರಿರಲಿಲ್ಲ, ಬರೀ ಸ್ಕೂಟರುಗಳು. ಅಷ್ಟು ಗದ್ದಲದಲ್ಲಿ ಒಬ್ಬ ಅಪ್ಪ ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ? ಮೆಲ್ಲಗೆ ಸರಿದುಬಿಟ್ಟೆ. ಹಾಗೇ ಮನೆಗೂ ಹೋಗುತ್ತಿದ್ದೆನೇನೋ. ಗಾಡಿಯ ಕೀ ಸುಜಾತಾಳ ಪರ್ಸಿನಲ್ಲಿತ್ತು.

ಆಗಲೇ ಮೈಕು ಮಾತಾಡಿದ್ದು. “ಅನಘಾಚೆ ಪಪ್ಪಾ ಕುಠೇ ಆಹೇತ?” ಅನಘಾಳ ಪಪ್ಪಾ ಎಲ್ಲಿ? ಒಂದು ಸಲವಲ್ಲ, ಮತ್ತೆ ಮತ್ತೆ. ಸೋತವನೊಬ್ಬನಿಗಾಗಿ ಇಷ್ಟು ಹುಡುಕಾಟವೇ?

ಸ್ವಲ್ಪ ಹೊತ್ತಿಗೆ ಅನಘಾ ಬಂದಳು. ಹಿಂದೆಯೇ ವಯಸ್ಸಾದ ಹೆಡ್‌ಮಿಸ್ಟ್ರೆಸ್. ಬೈಯುತ್ತಾರೆಂದುಕೊಂಡೆ. ಅವರು ಮರಾಠಿಯಲ್ಲಿ ಶಾಲೆಯ ಇತಿಹಾಸ ಹೇಳಿದರು!

ಶಾಲೆ ಶುರುವಾದದ್ದು ಇದೇ ಚರ್ಚಿನ ವರಾಂಡದಲ್ಲಂತೆ. ಶುರುಮಾಡಿದ್ದು ಒಬ್ಬ ಪಾದ್ರಿಯ ಹೆಂಡತಿ. ಮೊದಲ ಸ್ಪೋರ್ಟ್ಸ್ ಡೇಯಲ್ಲಿ ಕಾಲು ಸರಿಯಿಲ್ಲದ ಹುಡುಗಿಯೊಬ್ಬಳು ತಾನೂ ಓಡುತ್ತೇನೆಂದು ಹಟ ಹಿಡಿದಳು. ಅವಳಿನ್ನೂ ಚರ್ಚಿನ ಹಿಂದೆ ಇದ್ದಾಗಲೇ ಈಚೆ ಬಹುಮಾನ ಹಂಚತೊಡಗಿದರು. ಪಾದ್ರಿಯ ಹೆಂಡತಿ ಎದ್ದು ಎಲ್ಲವನ್ನೂ ನಿಲ್ಲಿಸಿದರಂತೆ. ಹುಡುಗಿ ಗೆರೆ ದಾಟಿದ ಮೇಲೆ ಅವಳ ಕೈಯಿಂದಲೇ ಶಾಲೆಯ ಗಂಟೆ ಹೊಡೆಸಿದರಂತೆ. ಅಂದಿನಿಂದ ಕೊನೆಯವರು ಬಂದು ಗಂಟೆ ಹೊಡೆಯುವವರೆಗೆ ಇಲ್ಲಿ ಯಾರಿಗೂ ಬಹುಮಾನವಿಲ್ಲ.

“ಕೊನೆಗೆ ಬಂದವರು ತುಂಬ ಜನ ಇದ್ದಾರೆ,” ಎಂದು ನಕ್ಕರು. “ತಪ್ಪಿಸಿಕೊಂಡವರು ಮಾತ್ರ ನೀವೇ ಮೊದಲು.”

ಅಂತೂ ಒಂದರಲ್ಲಿ ಫಸ್ಟ್!

“ಅಪ್ಪಾ, ಬಾ. ಚೀಲದ ಓಟದಾಗ ನನಗ ಮೆಡಲ್ ಬಂದದ. ನೀ ಬರೋತನಕ ಕೊಡಂಗಿಲ್ಲಂತ,” ಎಂದಳು ಅನಘಾ.

“ಎಲ್ಲಾರ ಮುಂದ ನಾಚಿಕಿ ಆಗ್ತದವಾ.”

“ನನಗೂ ಆಗ್ತದ. ಆದ್ರೂ ಬಾ.”

ಎದ್ದೆ. ಉಳಿದರ್ಧ ಸುತ್ತು ಕುಂಟುತ್ತ ಓಡಿದೆ. ಅನಘಾ ಎರಡು ಹೆಜ್ಜೆ ಮುಂದೆ ಓಡುತ್ತ, ಆಗಾಗ ಹಿಂತಿರುಗಿ ನಾನಿದ್ದೇನೆಯೇ ಎಂದು ನೋಡುತ್ತಿದ್ದಳು. (ನಂಬಿಕೆ ಹೋದ ಮೇಲೆ ಹೀಗೇ.) ತಿರುವು ದಾಟಿದರೆ ಇಡೀ ಶಾಲೆ ಎದ್ದು ನಿಂತಿತ್ತು. ಚಪ್ಪಾಳೆಯೋ ಚಪ್ಪಾಳೆ. ಅಣಕವೇ ಎಂದು ಮುಖ ಮುಖ ನೋಡಿದೆ. ಅಲ್ಲ. ಸುಜಾತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಭಾವುಕಳಾದಳೆಂದು ಹತ್ತಿರ ಹೋದರೆ, ನಕ್ಕು ನಕ್ಕು ನೀರು ಬಂದಿತ್ತು.

ಗಂಟೆ ಹೊಡೆದೆ. ಅನಘಾಗೆ ಮೆಡಲ್ ಸಿಕ್ಕಿತು.

ಸೋಮವಾರ ಶಾಲೆಯ ಗೇಟಿನಲ್ಲಿ ಒಂದನೇ ಕ್ಲಾಸಿನ ಪುಟಾಣಿಯೊಬ್ಬಳು ನನ್ನತ್ತ ಬೆರಳು ಮಾಡಿ ಗೆಳತಿಗೆ ಹೇಳಿದಳು: “ತೇ ಬಘ, ಹರವಲೇಲೇ ಪಪ್ಪಾ!” ಅಲ್ನೋಡು, ಕಳೆದುಹೋದ ಪಪ್ಪಾ.

ಮರಾಠಿಯಲ್ಲಿ ‘ಹರಲೇಲೇ’ ಎಂದರೆ ಸೋತವರು, ‘ಹರವಲೇಲೇ’ ಎಂದರೆ ಕಳೆದುಹೋದವರು. ನಡುವೆ ಇರುವುದು ಒಂದೇ ಒಂದು ‘ವ’. ಆ ಅಕ್ಷರದಿಂದ ನನ್ನ ಮಾನ ಉಳಿಯಿತೋ, ಇನ್ನಷ್ಟು ಹೋಯಿತೋ, ನೀವೇ ಹೇಳಿ.