ಕೂಸಿಗೆ ಎಣ್ಣೆ ಹಚ್ಚುವವರು

ಮೊನ್ನೆ ಭಾಲ್ಕಿಗೆ ಒಂದು ಮದುವೆ ಮಾತುಕತೆಗೆ ಹೋಗಿದ್ದೆ. ಕೂಡಿಸಲಿಕ್ಕಲ್ಲ, ಮುರಿಯಲಿಕ್ಕೆ. (ಆದರೂ ಊಟ ಹಾಕಿಯೇ ಕಳಿಸಿದರು. ಅದು ಅವರ ದೊಡ್ಡತನ.)

ಹುಡುಗಿ ನನ್ನ ಗೆಳೆಯನ ಕಿರಿಮಗಳು ಕವಿತಾ. ಅವಳ ಅಕ್ಕ ಸವಿತಾಳನ್ನು ತಾಯಿಯ ತಮ್ಮನಿಗೇ ಕೊಟ್ಟಿದ್ದಾರೆ. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಸವಿತಾಳಿಗೆ ಹುಟ್ಟಿದ ಹೆಣ್ಣುಕೂಸಿನ ಮೈಯೆಲ್ಲ ಹುರುಪೆ, ಮೀನಿನ ಮೈ ಹಾಗೆ. ನಮ್ಮ ಬಿಸಿಲಲ್ಲಿ ಅದಕ್ಕೆ ಬೆವರೂ ಸರಿಯಾಗಿ ಬರುವುದಿಲ್ಲ. ಮೈ ಕಾದು ಅಳುತ್ತದೆ. ದಿನವಿಡೀ ಒದ್ದೆ ಬಟ್ಟೆ, ಎಣ್ಣೆ.

ಹೈದರಾಬಾದಿನ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಹೇಳಿದ್ದನ್ನು ಬೀದರಿನಿಂದ ಹೋಗಿ ನಾನೇ ಎಲ್ಲರಿಗೂ ಬಿಡಿಸಿ ಹೇಳಿದ್ದೆ. ಚರ್ಮದ ಜೀವಕೋಶ ಕೆಳಗೆ ಹುಟ್ಟಿ, ಮೇಲೇರುತ್ತ ರೂಪ ಬದಲಿಸಿ, ಹೊದಿಕೆಯಾಗಿ, ನಮಗೆ ಗೊತ್ತಾಗದಂತೆ ಉದುರುತ್ತದೆ. ಆ ಬದಲಾವಣೆಗೆ ಬೇಕಾದ ಒಂದು ಜೀನ್ ಈ ಮನೆತನದಲ್ಲಿ ಕೆಟ್ಟಿದೆ. ಒಬ್ಬರಿಂದ ಬಂದರೆ ಏನೂ ಆಗದು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟದ್ದೇ ಬಂದರೆ ಹೀಗೆ. ಕವಿತಾಳಿಗೆ ಹೊರಗೆ ಸಂಬಂಧ ನೋಡಿ, ಕನಿಷ್ಠ ಟೆಸ್ಟ್ ಆದರೂ ಮಾಡಿಸಿ ಎಂದಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಈಗ ನೋಡಿದರೆ ಕವಿತಾಳನ್ನು ಕಿರಿಯ ಸೋದರಮಾವನಿಗೆ ಗೊತ್ತು ಮಾಡಿದ್ದಾರೆ!

ಹುಡುಗಿಯರ ಅಜ್ಜಿ ಗುಂಡಮ್ಮ (ಸವಿತಾಳಿಗೆ ಅತ್ತೆಯೂ ಅವರೇ) ಕೂಸಿಗೆ ಎಣ್ಣೆ ಹಚ್ಚುತ್ತಲೇ ನನ್ನನ್ನು ಕೇಳಿದರು. "ಹೊರಗಿನಾಕಿ ಸೊಸಿಯಾಗಿ ಬಂದ್ರ ಈ ಕೂಸಿಗಿ ಮುಟ್ತಾಳೇನ್ರಿ? ಸವಿತಾ ಒಬ್ಬಾಕಿ ಎಷ್ಟಂತ ಮಾಡ್ತಾಳ? ನಾ ಸತ್ತ ಮ್ಯಾಲ ಇದಕ್ಕ ಎಣ್ಣಿ ಹಚ್ಚೋರು ಯಾರ್ರಿ?"

ನಾನು ಗೆಳೆಯನ ಮುಖ ನೋಡಿದೆ. ಹೊರಗಿನ ಸಂಬಂಧ ಒಂದು ಔರಾದ್‌ನಿಂದ ಬಂದಿತ್ತಂತೆ. ಕೂಸನ್ನು ಕಂಡವರೇ ಚಹಾ ಕುಡಿಯದೆ ಎದ್ದು ಹೋದರಂತೆ. ಇನ್ನು ಟೆಸ್ಟ್ ಮಾಡಿಸಿ ಅದೂ ಊರ ಬಾಯಿಗೆ ಬಿದ್ದರೆ ಮಗಳನ್ನು ಯಾರು ಕೇಳುತ್ತಾರೆ ಎಂದ.

ಹೊರಗಿನವರು ಒಲ್ಲರು, ಅದಕ್ಕೆ ಒಳಗೇ ಕೊಡುತ್ತಾರೆ. ಒಳಗೇ ಕೊಟ್ಟರೆ ಮತ್ತೆ ಇಂಥದೇ ಕೂಸು ಹುಟ್ಟಬಹುದು. ಆಗ ಹೊರಗಿನವರು ಇನ್ನಷ್ಟು ದೂರ. ಇದಕ್ಕೆ ಕೊನೆ ಎಲ್ಲಿ? ಮೂಢನಂಬಿಕೆಯಾಗಿದ್ದರೆ ಜಗಳವಾಡುತ್ತಿದ್ದೆ. ಆ ಮುದುಕಿಯದು ಬರೀ ಪ್ರೀತಿ. ಅದರೆದುರು ನನ್ನ ಜೀನ್ ಪುರಾಣ ನಡೆಯಲಿಲ್ಲ. ಸೋತೆ, ಬಹಳ ಸಂಕಟವಾಯಿತು.

ನಾನು ಹೊರಟಾಗ ಕವಿತಾ ಕೂಸನ್ನು ಎತ್ತಿಕೊಂಡು ಬಾಗಿಲ ತನಕ ಬಂದಳು. ಮೆಲ್ಲಗೆ ಕೇಳಿದಳು.

"ಈ ಕೂಸಿಗಿ ನಾ ಮುಟ್ತೇನಿ, ಕಾಕಾ. ನನ್ನ ಕೂಸಿಗಿ ಮುಟ್ಲಾಕ ಯಾರಿಗಿ ತರ್ತಾರ್ರಿ?"