ಮರುಳಪ್ಪಜ್ಜನ ತೊಟ್ಟಿಲೂ ನನ್ನ ಒಂದು ಸಾಲೂ

ಒಂದು ತಪ್ಪು ಮಾಡಿದ್ದೇನೆ. ಸಣ್ಣದಲ್ಲ. (ಸಣ್ಣವನ್ನು ನೀವು ಈ ಜಾಗದಲ್ಲಿ ವಾರವಾರ ಓದುತ್ತಲೇ ಇದ್ದೀರಿ.)

ಮೂರು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ನೆನಪಿದೆಯಾ? 'ಅಜ್ಜಂಪುರದ ತೊಟ್ಟಿಲು ಹತ್ತುವವರು ಮೊದಲು ಜಮೀನಿನ ಖಾತೆಯನ್ನು ಮಕ್ಕಳ ಹೆಸರಿಗೆ ಮಾಡಿಸಿ, ಆಮೇಲೆ ಹತ್ತಿ.' ನೀವೆಲ್ಲ ನಕ್ಕಿರಿ. ಕಡೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬರು ಬೆನ್ನು ತಟ್ಟಿ ಕಾಫಿ ಕೊಡಿಸಿದರು. ಆ ಕಾಫಿ ಇನ್ನೂ ನನ್ನ ಗಂಟಲಲ್ಲೇ ಇದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಜ್ಜಂಪುರದ ಸಂತೆಮಾಳದ ಪಕ್ಕದ ಖಾಲಿ ಜಾಗದಲ್ಲಿ ಮರುಳಪ್ಪಜ್ಜ ಮತ್ತು ಅವರ ಹೆಂಡತಿ ಗೌರಮ್ಮ ಒಂದು ಪಾರ್ಕು ನಡೆಸುತ್ತಿದ್ದರು. ಪಾರ್ಕು ಅಂದ ತಕ್ಷಣ ಕಾರಂಜಿ, ಬಣ್ಣದ ಲೈಟು ಅಂದುಕೊಳ್ಳಬೇಡಿ. ಕೈಯಲ್ಲಿ ತಿರುಗಿಸುವ ಎತ್ತರದ ಮರದ ರಾಟೆ, ಅದಕ್ಕೆ ನಾಲ್ಕು ತೊಟ್ಟಿಲು. ಮೂರು ಮರದ ಕುದುರೆಗಳ ಒಂದು ಚಕ್ರ (ಒಂದು ಕುದುರೆಗೆ ಕಿವಿ ಇಲ್ಲ). ಒಂದು ಸೊಟ್ಟ ಕನ್ನಡಿ. ಅದರ ಮುಂದೆ ನಿಂತರೆ ಎಲ್ಲರೂ ವಿಕಾರವಾಗಿ ಕಾಣುತ್ತಾರೆ. ನಾನು ಮಾತ್ರ ಮನೆಯ ಕನ್ನಡಿಯಲ್ಲಿ ಕಂಡ ಹಾಗೇ ಕಂಡೆ. ಕರೆಂಟಿಲ್ಲ. ಇಂಜಿನ್ನಿಲ್ಲ. ಅಜ್ಜನ ಎರಡು ತೋಳೇ ಇಂಜಿನ್ನು.

ಈಗ ನಿಜ ಹೇಳುತ್ತೇನೆ. ಆ ಸಾಲು ಬರೆಯುವ ಮುಂಚೆ ನಾನು ತೊಟ್ಟಿಲು ಹತ್ತಿದ್ದೆ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಹೋರಿಗೂ ಹೆದರದವನು ಅಂತ ಸ್ನೇಹಿತರ ಮುಂದೆ ಕೊಚ್ಚಿಕೊಳ್ಳುವ ಗಂಡಸು ನಾನು. ರಾಟೆ ಕಾಲು ಸುತ್ತು ತಿರುಗಿತು. ಕಿರ್ರ್ ಎಂದಿತು. ಅದಕ್ಕಿಂತ ಜೋರಾಗಿ ನಾನು ಕಿರುಚಿದೆ.

"ಇಳ್ಸಜ್ಜಾ! ಇಳ್ಸು! ದಮ್ಮಯ್ಯ!"

ಎದುರು ತೊಟ್ಟಿಲಿನಲ್ಲಿ ಎರಡು ಜಡೆಯ ಒಂದು ಪುಟ್ಟ ಹುಡುಗಿ ಅವರಪ್ಪನ ತೊಡೆಯ ಮೇಲೆ ಕೂತಿತ್ತು. "ಅಣ್ಣಾ, ಕಣ್ಣು ಮುಚ್ಕೊ, ಏನೂ ಆಗಲ್ಲ" ಅಂತ ಧೈರ್ಯ ಹೇಳಿತು. ಗೌರಮ್ಮ ಕೈ ಹಿಡಿದು ಇಳಿಸಿ, ಒಂದು ಚೊಂಬು ನೀರು ಕೊಟ್ಟರು.

ಇದನ್ನು ಬರೆದೆನಾ? ಎಲ್ಲಿಯ ಮಾತು! ಹೆದರಿದ್ದು ನಾನು, ಬೈದದ್ದು ಮರವನ್ನು.

ಆಮೇಲೊಂದು ದಿನ ತರೀಕೆರೆ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು.

"ಅಜ್ಜಂಪುರದ ತೊಟ್ಲು ಮುರ್ದು ಬಿತ್ತಂತೆ ಕಣೇ. ಪೇಪರ್ನಾಗೇ ಬಂದೈತೆ."

"ಅಯ್ಯೋ ಶಿವನೇ! ಯಾರಾನಾ ಸತ್ರಾ?"

"ಸತ್ತೇ ಇರ್ಬೇಕು. ಖಾತೆ-ಗೀತೆ ಅಂತೆಲ್ಲ ಬರ್ದವ್ರಂತೆ. ನಮ್ಮ ಹುಡುಗ್ರನ್ನ ಆ ಕಡೆ ತಲೆ ಹಾಕ್ಬೇಡ್ರಿ ಅಂದೀನಿ."

ನಾನು ತರೀಕೆರೆಯಲ್ಲಿ ಇಳಿದವನೇ ಅಜ್ಜಂಪುರದ ಬಸ್ಸು ಹತ್ತಿದೆ.

ಇಸ್ಕೂಲು ಬಿಟ್ಟ ಹೊತ್ತು. ಪಾರ್ಕಿನಲ್ಲಿ ಒಂದು ನರಪಿಳ್ಳೆ ಇಲ್ಲ. ಅಜ್ಜ ಏಣಿ ಹತ್ತಿ ರಾಟೆಯ ಅಚ್ಚಿಗೆ ಹೊಂಗೆ ಎಣ್ಣೆ ಬಿಡುತ್ತಿದ್ದರು. ನನ್ನನ್ನು ನೋಡಿ ನಕ್ಕರು. ಓದು ಬರದ ಮನುಷ್ಯ. ಕ್ಷೌರದಂಗಡಿಯಲ್ಲಿ ಯಾರೋ ನನ್ನ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದ್ದರಂತೆ.

"ನಾನೂ ನಕ್ಬಿಟ್ಟೆ ಕಣಪ್ಪಾ. ಖಾತೆ ಮಾಡ್ಸಿ ಅಂದಿದ್ದು ಚೆನ್ನಾಗಿತ್ತು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅಲ್ಲಜ್ಜಾ, ಈ ಎಣ್ಣೆ ಮೊದ್ಲೇ ಹಾಕಿದ್ರೆ ಆಗ್ತಿರ್ಲಿಲ್ವಾ?" ಅಂದೆ. (ತಪ್ಪು ಮಾಡಿದವನಿಗೆ ಬುದ್ಧಿ ಹೇಳುವ ಚಟ ಜಾಸ್ತಿ.)

"ಬೇಕಂತ್ಲೇ ಹಾಕ್ತಿರ್ಲಿಲ್ಲ ಕಣೋ ಮಾರಾಯ. ಸದ್ದು ಕೇಳಿಯೇ ಅಲ್ವಾ ಮಕ್ಳು ಬತ್ತಿದ್ದಿದ್ದು? ನನ್ನತ್ರ ಮೈಕೈತಾ, ಬ್ಯಾಂಡೈತಾ? ಈಗ ಸದ್ದು ಕೇಳಿದ್ರೆ ತಾಯಂದ್ರು ಮಕ್ಳನ್ನ ಒಳಗೆ ಎಳ್ಕೊಂತಾರೆ. ಅದ್ಕೇ ಹಾಕ್ತಾ ಇದೀನಿ. ಯುಗಾದಿವರ್ಗೂ ನೋಡ್ತೀನಿ. ಜನ ಬರ್ಲಿಲ್ಲ ಅಂದ್ರೆ ಬಿಚ್ಚಿ ಇಟ್ಟಿಗೆ ಗೂಡಿಗೆ ಕೊಟ್ಬಿಡ್ತೀನಿ. ಮತ್ತಿ ಮರ, ಚೆನ್ನಾಗಿ ಉರೀತೈತೆ."

"ನಾನು ಹತ್ತುತೀನಿ" ಅಂದೆ. ತ್ಯಾಗಮೂರ್ತಿ!

"ಒಬ್ನೇ ಹತ್ತಿದ್ರೆ ತಿರುಗಲ್ಲ ಕಣಪ್ಪಾ. ಎದುರಿಗೆ ಅಷ್ಟೇ ತೂಕ ಬೇಕು."

ಅಜ್ಜ ಎರಡು ದಪ್ಪ ಕಲ್ಲು ಹೊತ್ತು ತಂದು ಎದುರು ತೊಟ್ಟಿಲಿನಲ್ಲಿ ಇಟ್ಟರು. ಮೊದಲ ಸಲ ಆ ಹುಡುಗಿ ಕೂತಿದ್ದ ಜಾಗ. ಕಣ್ಣು ಮುಚ್ಚಿಕೋ ಅಂತ ಹೇಳಲು ಕಲ್ಲಿಗೆ ಬಾಯಿಲ್ಲ. ರಾಟೆ ಸದ್ದಿಲ್ಲದೆ ತಿರುಗಿತು. ಮೇಲಿನಿಂದ ಇಡೀ ಬೀದಿ ಕಾಣುತ್ತಿತ್ತು. ಬ್ಯಾಗು ನೇತು ಹಾಕಿಕೊಂಡ ಮಕ್ಕಳು ಹೋಗುತ್ತಿದ್ದವು. ಒಂದೂ ತಲೆ ಎತ್ತಲಿಲ್ಲ.

ಮುಂದಿನ ವಾರ ಉದ್ದಕ್ಕೆ ಬರೆದೆ. ನಮ್ಮೂರಲ್ಲಿ ಏನೈತೆ ಮಣ್ಣು ಅಂತ ಗೊಣಗುತ್ತೇವೆ. ಇದ್ದದ್ದರ ಹತ್ತಿರ ಎಷ್ಟು ಸಲ ಹೋಗಿದ್ದೇವೆ? ಮೈಸೂರಿನ ದಸರಾ ಎಕ್ಸಿಬಿಷನ್ನಿಗೆ ಬಸ್ಸು ಮಾಡಿಕೊಂಡು ಹೋಗಿ, ಕ್ಯೂ ನಿಂತು ಜೈಂಟ್ ವೀಲ್ ಹತ್ತುತ್ತೇವೆ. ಅಜ್ಜಂಪುರಕ್ಕೆ ಒಂದು ಭಾನುವಾರ ಹೋಗಲು ಏನು ದಾಡಿ? ಬನ್ನಿ, ಮಕ್ಕಳನ್ನು ಕರೆದುಕೊಂಡು ಬನ್ನಿ ಅಂತ ಅಂಗಲಾಚಿದೆ. ಆದರೆ ಹೆದರಿ ಇಳಿದವನು ನಾನೇ ಅಂತ ಆಗಲೂ ಬರೆಯಲಿಲ್ಲ. ಮರ್ಯಾದೆ ನೋಡಿ!

ಬಂದಿರಿ. ಸುಳ್ಳು ಹೇಳಬಾರದು. ಕಡೂರಿನಿಂದ, ಪಂಚನಹಳ್ಳಿಯಿಂದ, ಸಿಂಗಟಗೆರೆಯಿಂದಲೂ ಬಂದಿರಿ. ನೂಕುನುಗ್ಗಲು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಆಮೇಲೆ ಗೊತ್ತಾಯಿತು, ನೀವು ಹತ್ತಲು ಬಂದವರಲ್ಲ. ಬೀಳುತ್ತದಾ ಅಂತ ನೋಡಲು ಬಂದವರು.

"ನೀನು ಹತ್ತಲೇ."

"ನೀನೇ ಹತ್ತಲೇ, ನಿನ್ಗಿನ್ನೂ ಮದ್ವೆ ಆಗಿಲ್ಲ."

ಅರ್ಧ ಗಂಟೆ ಹೀಗೇ. ಕೊನೆಗೆ ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಲಿನಲ್ಲಿ ಕೂತರು. ಎದುರಿಗೆ ಅದೇ ಎರಡು ಕಲ್ಲು. ಅಜ್ಜ ಹೆಂಡತಿಯನ್ನು ತಿರುಗಿಸಿದರು. ಒಂದು ಸುತ್ತು, ಎರಡು, ಹತ್ತು. ಆ ವಯಸ್ಸಿನ ಹೆಂಗಸು, ಎರಡೂ ಕೈಯಲ್ಲಿ ಕಂಬಿ ಹಿಡಿದು, ನೋಡ್ರಪ್ಪಾ ಏನೂ ಆಗಲ್ಲ ಅನ್ನುವ ಹಾಗೆ ನಗುತ್ತಾ ಮೇಲೆ ಹೋಗಿ ಕೆಳಗೆ ಬರುತ್ತಿದ್ದರು. ನೀವು ಚಪ್ಪಾಳೆ ತಟ್ಟಿದಿರಿ. ಬಸ್ಸಿನ ಹೊತ್ತಾಯಿತು ಅಂತ ಹೊರಟಿರಿ.

ಒಬ್ಬರೂ ಹತ್ತಲಿಲ್ಲ.

ಯುಗಾದಿ ಕಳೆದ ಮೇಲೆ, ಹೋದ ವಾರ ಹೋಗಿದ್ದೆ. ಮರದ ಕಂಬ ಕಿತ್ತ ಗುಂಡಿಗಳಿವೆ. ಒಂದರಲ್ಲಿ ನಾಯಿ ಮಲಗಿತ್ತು. ಸೊಟ್ಟ ಕನ್ನಡಿ ಈಗ ಅದೇ ಕ್ಷೌರದಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಗೌರಮ್ಮ ಆ ಖಾಲಿ ಜಾಗದ ಅಂಚಿನ ತಮ್ಮ ಗುಡಿಸಲಿನ ಮುಂದೆ ಕೂತಿದ್ದರು. ಅಜ್ಜ ಇಟ್ಟಿಗೆ ಗೂಡಿನಲ್ಲೇ ಕೂಲಿಗೆ ಸೇರಿದ್ದಾರೆ. ತಾವೇ ಕೆತ್ತಿದ ಮರವನ್ನು ತಾವೇ ಗೂಡಿನ ಬೆಂಕಿಗೆ ಹಾಕಿದರಂತೆ.

"ತಪ್ಪಾಯ್ತು ಗೌರಮ್ಮಾ. ರಾಟೆ ಗಟ್ಟಿ ಐತೆ ಅಂತ ಮೊದ್ಲೇ ಬರೀಬೇಕಿತ್ತು" ಅಂದೆ.

ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕೊಟ್ಟರು. ಆವತ್ತು ಕೊಟ್ಟಿದ್ದರಲ್ಲ, ಅದೇ ಚೊಂಬು. ನಾನು ಕುಡಿದು ಕೊಟ್ಟ ಚೊಂಬನ್ನು ಇಸಿದುಕೊಂಡು ಅಂದರು:

"ಗಟ್ಟಿ ಐತೆ ಅಂತ ಯಾಕೆ ಬರೀಬೇಕಿತ್ತು ಮಗಾ, ನಂಗೆ ಹೆದ್ರಿಕೆ ಆಯ್ತು ಅಂತ ಬರ್ದಿದ್ರೆ ಸಾಕಿತ್ತು, ಹೆದ್ರಿಕೊಳ್ಳಕ್ಕೇ ಅಲ್ವಾ ಜನ ತೊಟ್ಲು ಹತ್ತೋದು?"